ದಟ್ಟಿಗೆ ಮೊಳ ಹಾಕುವ ಹಕ್ಕು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳು ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಬಿಟ್ಟಿ ಬಂದದ್ದರಲ್ಲಿ ಕುಂದು ಹುಡುಕುವವರ ಬಾಯಿ ಮುಚ್ಚಿಸುವುದಕ್ಕೆ ಇದಕ್ಕಿಂತ ಹರಿತವಾದ ಆಯುಧ ನಮ್ಮ ಭಾಷೆಯಲ್ಲಿಲ್ಲ. ನನಗೆ ಮಾತ್ರ ಈ ಗಾದೆಯ ವಿಷಯದಲ್ಲಿ ಬಹು ದಿನಗಳಿಂದ ಒಂದು ಸಂಶಯವಿದೆ. ಇದನ್ನು ಕಟ್ಟಿದವರು ದಟ್ಟಿ ಕೊಟ್ಟವರ ಕಡೆಯವರೇ ಇರಬೇಕು. ಪಾಪ, ಆ ಹೆಂಗಸು ದಟ್ಟಿಯನ್ನು ಉಡಬೇಕಾಗಿತ್ತು. ಉಡುವವಳಿಗೆ ಅಳತೆ ಬೇಡವೇ? ಅವಳದು ತಪ್ಪೆಂದೇ ಹೇಳುವುದಾದರೆ ಮೊಳ ಹಾಕಿದ್ದು ತಪ್ಪಲ್ಲ, ಹಿತ್ತಲಿಗೆ ಹೋದದ್ದು ತಪ್ಪು. ಅಂಗಳದಲ್ಲಿ ನಿಂತು ನಾಲ್ಕು ಜನರ ಎದುರಿಗೇ ಹಾಕಬೇಕಾಗಿತ್ತು.

ಈ ಹಳೆಯ ಸಂಶಯ ಮತ್ತೆ ಕೆರಳುವುದಕ್ಕೆ ಕಾರಣವಾದದ್ದು ಒಂದು ವಿಡಿಯೋ ಆಟ. ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಇಂಜಿನಿಯರಿಂಗ್ ಓದುತ್ತಿರುವ ಸೋದರಳಿಯ ತನ್ನ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, 'ಮಾವ, ನೀವು ಎಲ್ಲಾದಕ್ಕೂ ವಿಮರ್ಶೆ ಬರೀತೀರಲ್ಲ, ಇದನ್ನೂ ಒಂದು ಸಲ ಆಡಿ ನೋಡಿ' ಎಂದ. ಆಟದ ಹೆಸರು ಮಾರ್ವೆಲ್ ರೈವಲ್ಸ್. ಚೀನಾದ ನೆಟ್‌ಈಸ್ ಎಂಬ ಕಂಪನಿ ಅಮೆರಿಕದ ಮಾರ್ವೆಲ್ ಸಂಸ್ಥೆಯೊಡನೆ ಕೂಡಿ ತಯಾರಿಸಿ 2024ರ ಡಿಸೆಂಬರ್ 6ರಂದು ಹೊರತಂದದ್ದು. ಕಾಸಿಲ್ಲದೆ ಯಾರು ಬೇಕಾದರೂ ಆಡಬಹುದು. ಮೂರೇ ದಿನಗಳಲ್ಲಿ ಒಂದು ಕೋಟಿ ಜನ ಬಂದರೆಂದು ಕಂಪನಿಯವರು ಸಾರಿಕೊಂಡರು. ನಾಲ್ಕು ಸಂಜೆ ನಾನೂ ಆಡಿದೆ. ಎರಡನೆಯ ಸಂಜೆಯ ಹೊತ್ತಿಗೆ ನನ್ನ ಗೊಣಗಾಟ ಶುರುವಾಯಿತು. ಅಡಿಗೆಮನೆಯಿಂದ ಅಕ್ಕ, 'ಪುಕ್ಕಟೆ ಆಟಕ್ಕೂ ತಕರಾರು ತೆಗೀತೀಯಲ್ಲೋ! ಧರ್ಮಕ್ಕೆ ದಟ್ಟಿ ಕೊಟ್ಟರೆ...' ಎಂದು ಆರಂಭಿಸಿದಳು. ಅಕ್ಕನಿಗೆ ಅಲ್ಲಿ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ. ಇಲ್ಲಿ ಕೊಡುತ್ತೇನೆ.

ಅದಕ್ಕೆ ಮೊದಲು ಇನ್ನೊಂದು ಬಗೆಯ ಪ್ರತಿವಾದಿಗಳನ್ನು ಬೇಗನೆ ಬೀಳ್ಕೊಡಬೇಕು. ಕಾಲೇಜಿನ ನಮ್ಮ ಕೊಠಡಿಯಲ್ಲಿ ಈ ಮಾತು ತೆಗೆದಾಗ ಮಿತ್ರರೊಬ್ಬರು, 'ಕೊಲ್ಲುವುದು, ಸಾಯುವುದು. ಇದರಲ್ಲಿ ವಿಮರ್ಶೆಗೆ ಏನಿದೆ?' ಎಂದರು. ಅವರು ರನ್ನನ ಗದಾಯುದ್ಧವನ್ನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವವರು. ತೊಡೆ ಮುರಿಯುವ ಕಥೆಯಲ್ಲಿ ರಸವನ್ನು ಕಂಡವರು ಇಲ್ಲಿ ಕಣ್ಣು ಮುಚ್ಚಿಕೊಳ್ಳುವುದೇಕೋ ನನಗೆ ತಿಳಿಯದು. ಇನ್ನೊಬ್ಬರು ಇದನ್ನು ಜೂಜೆಂದು ತಿಳಿದಿದ್ದರು. ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆ ಮಾಡಿದ್ದು ನಿಜ. ಆದರೆ ಇಲ್ಲಿ ಪಂದ್ಯಕ್ಕೆ ದುಡ್ಡನ್ನು ಪಣವಿಡುವುದೂ ಇಲ್ಲ, ಗೆದ್ದು ತರುವುದೂ ಇಲ್ಲ. ನೋಡದೆ ಬೈಯುವವರಿಂದ ಬೈಗುಳಕ್ಕೇ ಮರ್ಯಾದೆ ಹೋಗುತ್ತದೆ.

ಹಾಗಾದರೆ ದಟ್ಟಿ ಎಂಥದು? ಮೊದಲು ನೂಲಿನ ಗುಣ ಹೇಳಬೇಕು. ನೂಲು ಒಳ್ಳೆಯದು. ಆರು ಜನರ ಎರಡು ತಂಡಗಳು. ಮಾರ್ವೆಲ್ ಚಿತ್ರಕಥೆಗಳ ಪಾತ್ರಗಳಲ್ಲಿ ಒಬ್ಬೊಬ್ಬರು ಒಂದೊಂದನ್ನು ಆರಿಸಿಕೊಳ್ಳಬೇಕು: ಸ್ಪೈಡರ್‌ಮ್ಯಾನ್, ಹಲ್ಕ್, ಥಾರ್, ಐರನ್‌ಮ್ಯಾನ್, ಇತ್ಯಾದಿ. ಬಿಡುಗಡೆಯ ದಿನವೇ 33 ಪಾತ್ರಗಳಿದ್ದವು, ಆಮೇಲೆ ಹೆಚ್ಚುತ್ತ ಬಂದಿವೆ. ಇವರಲ್ಲಿ ಮೂರು ವರ್ಗ. ಮುಂದೆ ನಿಂತು ಪೆಟ್ಟು ತಿನ್ನುವವರು ವ್ಯಾನ್‌ಗಾರ್ಡ್, ಹೊಡೆಯುವವರು ಡ್ಯುಯಲಿಸ್ಟ್, ಗಾಯ ಮಾಯಿಸಿ ಉಳಿದವರನ್ನು ಬದುಕಿಸಿಕೊಂಡು ಹೋಗುವವರು ಸ್ಟ್ರಾಟಜಿಸ್ಟ್. ಯಾರು ಯಾವ ವರ್ಗಕ್ಕೆ ಸೇರಬೇಕೆಂಬ ಕಟ್ಟಳೆಯಿಲ್ಲ. ಆದ್ದರಿಂದ ಆರು ಜನರೂ ಹೊಡೆಯುವವರೇ ಆಗಿ, ಗಾಯ ಕಟ್ಟುವವನು ಒಬ್ಬನೂ ಇಲ್ಲದೆ, ಒಬ್ಬರನ್ನೊಬ್ಬರು ದೂರುತ್ತ ಸೋಲುವ ಸಂಭವ ಸದಾ ಇರುತ್ತದೆ. ನಮ್ಮ ಸಾಹಿತ್ಯ ಸಂಘಗಳ ಕಾರ್ಯಕಾರಿ ಸಮಿತಿಗಳನ್ನು ಬಲ್ಲವರಿಗೆ ಈ ದೃಶ್ಯ ಹೊಸದಾಗಿ ತೋರದು.

ಒಂದು ಬಗೆಯ ಪಂದ್ಯದಲ್ಲಿ ತೇರಿನಂಥ ಒಂದು ವಾಹನವಿರುತ್ತದೆ. ಅದನ್ನು ಊರಿನ ಆ ತುದಿಗೆ ಮುಟ್ಟಿಸಬೇಕು. ಸ್ವಾರಸ್ಯವೇನೆಂದರೆ, ನಮ್ಮವರು ಬಳಿಯಲ್ಲಿ ನಿಂತರೆ ಅದು ಚಲಿಸುತ್ತದೆ. ಎದುರಾಳಿ ಬಂದು ಮುಟ್ಟಿದರೆ ನಿಲ್ಲುತ್ತದೆ. ಶೂರರೆಲ್ಲರೂ ಶತ್ರುವನ್ನು ಅಟ್ಟಿಕೊಂಡು ಓಣಿಗಳಲ್ಲಿ ಮಾಯವಾಗುತ್ತಾರೆ. ತೇರು ಬೀದಿಯ ನಡುವೆ ಅನಾಥವಾಗಿ ನಿಂತಿರುತ್ತದೆ. ಗುರಿಯಿಟ್ಟು ಹೊಡೆಯಲಾರದ ನಾನು ಅದರ ಪಕ್ಕದಲ್ಲಿ ಸುಮ್ಮನೆ ನಿಂತೆ. ತೇರು ಹೊರಟಿತು! ಅಳಿಯ, 'ಮಾವ, ನೀವೇ ಗೆಲ್ಲಿಸಿದ್ರಿ' ಎಂದ. ನಲವತ್ತೇಳು ವರ್ಷದ ಜೀವನದಲ್ಲಿ ಏನೂ ಮಾಡದೆ ನಿಂತದ್ದಕ್ಕೆ ನನಗೆ ದೊರೆತ ಮೊದಲ ಪ್ರಶಂಸೆ ಇದು.

ನಾನು ಹೆಚ್ಚಾಗಿ ಆಡಿದ ಪಾತ್ರ ರಾಕೆಟ್ ಎಂಬ ಪುಟ್ಟ ಪ್ರಾಣಿಯದು. ಕರಡಿಯಂತೆಯೂ ಮುಂಗುಸಿಯಂತೆಯೂ ಕಾಣುವ, ರಕೂನ್ ಜಾತಿಯ ಜೀವ. ಗಾಯ ಮಾಯಿಸುವ ಗೋಲಿಗಳನ್ನು ಉರುಳಿಸುವುದು, ಸತ್ತವರು ಮತ್ತೆ ಎದ್ದು ಬರುವಂತೆ ಒಂದು ಯಂತ್ರವನ್ನು ಮೂಲೆಯಲ್ಲಿ ಇಟ್ಟು ಕಾಯುವುದು ಅವನ ಕೆಲಸ. ಅವನ ಗೆಳೆಯ ಗ್ರೂಟ್ ಎಂಬ ಮರದ ಮನುಷ್ಯ. ನೆಲದಿಂದ ಮರದ ಗೋಡೆ ಎಬ್ಬಿಸಿ ದಾರಿ ಕಟ್ಟುತ್ತಾನೆ. ಆಟ ಹೊರಬಂದ ಕಾಲದಲ್ಲಿ ಇವರಿಬ್ಬರೂ ಒಂದೇ ತಂಡದಲ್ಲಿದ್ದರೆ ರಾಕೆಟ್ ಗ್ರೂಟನ ಹೆಗಲೇರಿ ಕೂರಬಹುದಾಗಿತ್ತು. ಇಂಥ ಜೊತೆಗಾರಿಕೆಗಳು ಆಟದಲ್ಲಿ ಹಲವಿವೆ, ಕಾಲಕಾಲಕ್ಕೆ ಬದಲಾಗುತ್ತವೆ. ಒಬ್ಬನ ಶಕ್ತಿ ಇನ್ನೊಬ್ಬನ ಸನ್ನಿಧಿಯಿಂದ ಬೇರೆಯಾಗುವ ಈ ಕಲ್ಪನೆ ನಿಜಕ್ಕೂ ಕವಿಕಲ್ಪನೆ. ಇದನ್ನು ಮಾಡಿದವರಿಗೆ ತಲೆಯಿದೆ. ಇಷ್ಟನ್ನು ಹೇಳದೆ ಮುಂದೆ ಹೋದರೆ ನಾನು ಕೃತಘ್ನನಾಗುತ್ತೇನೆ.

ಇನ್ನು ಅಕ್ಕನ ವಾದ. ಇದು ಧರ್ಮಕ್ಕೆ ಬಂದದ್ದೇ? ಅಲ್ಲ. ಏಕೆಂದು ತಿಳಿಯಬೇಕಾದರೆ ಇದೇ ಜಾತಿಯ ಬೇರೊಂದು ಆಟದ ಗತಿಯನ್ನು ನೋಡಬೇಕು. ಸೋನಿ ಕಂಪನಿ ಕಾಂಕರ್ಡ್ ಎಂಬ ಹೆಸರಿನಲ್ಲಿ, ಬಗೆಬಗೆಯ ವೀರರ ತಂಡಗಳು ಕಾದಾಡುವ ಇಂಥದೇ ಆಟವನ್ನು 2024ರ ಆಗಸ್ಟ್ 23ರಂದು ಹೊರತಂದಿತು. ಬೆಲೆ 40 ಡಾಲರು. ಜನ ಬರಲಿಲ್ಲ. ಸೆಪ್ಟೆಂಬರ್ 6ರಂದು ಅಂಗಡಿ ಮುಚ್ಚಿ, ಕೊಂಡವರಿಗೆ ಹಣ ಹಿಂದಿರುಗಿಸಿದರು. ಕೊಂಡ ಪುಸ್ತಕವನ್ನು ಒಬ್ಬನೇ ಕುಳಿತು ಓದಬಹುದು. ಈ ಬಗೆಯ ಆಟ ಹಾಗಲ್ಲ. ರೈವಲ್ಸ್‌ನಲ್ಲಿ ಒಂದೊಂದು ಪಂದ್ಯಕ್ಕೆ 12 ಜನ ಬೇಕು. ಅದೂ ಗುಂಡಿ ಒತ್ತಿದ ಒಂದೆರಡು ನಿಮಿಷದಲ್ಲಿ, ಹಗಲಾಗಲಿ ರಾತ್ರಿಯಾಗಲಿ, ಹೆಚ್ಚು ಕಡಿಮೆ ಸಮಾನ ಸಾಮರ್ಥ್ಯದವರೇ ಬೇಕು. ಲಕ್ಷಗಟ್ಟಲೆ ಜನ ಸದಾ ಬಾಗಿಲಲ್ಲಿ ನೆರೆದಿದ್ದರೆ ಮಾತ್ರ ಇದು ಸಾಧ್ಯ. ಬ್ಲಿಝರ್ಡ್ ಕಂಪನಿಯ ಓವರ್‌ವಾಚ್ ಎಂಬ ಆಟ 2016ರಲ್ಲಿ ಕಾಸಿಗೆ ಮಾರಾಟವಾಗಿ, 2022ರ ಅಕ್ಟೋಬರಿನಲ್ಲಿ ಎರಡನೆಯ ಅವತಾರವೆತ್ತಿ ಬಿಟ್ಟಿಯಾದದ್ದನ್ನೂ ಇದರೊಂದಿಗೆ ನೆನೆಯಬಹುದು.

ಅಂದಮೇಲೆ ಕಾಸು ಕೊಡದೆ ಒಳಗೆ ಬಂದ ಹುಡುಗ ಅನ್ನಛತ್ರದ ಪಂಕ್ತಿಯಲ್ಲಿ ಕುಳಿತವನಲ್ಲ, ಅವನೇ ಅಡಿಗೆ. ಎಂಟು ಗಂಟೆಯ ರಾತ್ರಿಯಲ್ಲಿ ಅವನು ಹಾಜರಿರುವುದರಿಂದಲೇ ಕಾಸು ಕೊಟ್ಟವನಿಗೆ ಎದುರಾಳಿ ಸಿಗುತ್ತಾನೆ. ಅಷ್ಟೇ ಅಲ್ಲ, ಕಾಸು ಕೊಟ್ಟವನು ಕೊಳ್ಳುವುದೇನು? ವೇಷ. ಹುಡುಗರು ಇದನ್ನು ಸ್ಕಿನ್, ಅಂದರೆ ಚರ್ಮ, ಎನ್ನುತ್ತಾರೆ. ಇದರಿಂದ ಬಲ ಹೆಚ್ಚುವುದಿಲ್ಲ, ನೋಟ ಮಾತ್ರ ಬದಲಾಗುತ್ತದೆ. ನೋಡುವವರೇ ಇಲ್ಲದ ಮೇಲೆ ಹೊಸ ವೇಷವನ್ನು ಯಾರು ಕೊಂಡಾರು? ಪುಕ್ಕಟೆ ಆಡುವವನು ಏಕಕಾಲಕ್ಕೆ ನಟನೂ ಹೌದು, ಪ್ರೇಕ್ಷಕನೂ ಹೌದು, ಕಂಪನಿಯ ಸರಕೂ ಹೌದು. ಇಷ್ಟು ಕೆಲಸ ಮಾಡುವವನಿಗೆ ಸಂಬಳ ಬೇಡ, ಮಾತಾಡುವ ಹಕ್ಕಾದರೂ ಬೇಡವೇ?

ನಾನು ಕರಾವಳಿಯವನು. ನಮ್ಮ ಕಡೆ ಕಟೀಲು, ಮಂದಾರ್ತಿ ಮೇಳಗಳ ಹರಕೆಯಾಟಗಳನ್ನು ಬಯಲಿನಲ್ಲಿ ಆಡಿಸುತ್ತಾರೆ. ವೀಳ್ಯ ಕೊಡುವವನು ಹರಕೆ ಹೊತ್ತವನು. ಊರವರಿಗೆಲ್ಲ ನೋಟ ಬಿಟ್ಟಿ. ಹಾಗೆಂದು ಯಾರಾದರೂ ಬಾಯಿ ಕಟ್ಟಿಕೊಂಡು ಕೂತದ್ದುಂಟೆ? ನನ್ನ ಬಾಲ್ಯದಲ್ಲಿ, ಬೆಳಗಿನ ಜಾವ ಚಾಪೆ ಸುತ್ತಿಕೊಂಡು ಮನೆಗೆ ನಡೆಯುತ್ತಿದ್ದ ಮುದುಕರು ಭಾಗವತರ ತಾಳ ತಪ್ಪಿದ ಜಾಗವನ್ನೂ, ಬಣ್ಣದ ವೇಷದವನು ನುಂಗಿದ ಮಾತನ್ನೂ ಎಣಿಸಿ ಎಣಿಸಿ ಹೇಳುತ್ತಿದ್ದರು. ಮರುವರ್ಷ ಅದೇ ಬಯಲಿಗೆ ಮೇಳ ಬಂದಾಗ ಆ ಮುದುಕರು ಮುಂದಿನ ಸಾಲಿನಲ್ಲಿರುತ್ತಾರೆಂದು ಭಾಗವತರಿಗೂ ಗೊತ್ತಿತ್ತು. ಆಟ ಕೆಡದೆ ಉಳಿದದ್ದರಲ್ಲಿ ಆ ಮುದುಕರ ಪಾಲು ಸಣ್ಣದಲ್ಲ.

ಆದ್ದರಿಂದ ಅಂಗಳದಲ್ಲಿಯೇ ಮೊಳ ಹಾಕೋಣ. ಅಂಗಡಿಯ ವಿಷಯದಲ್ಲಿ ನನಗೆ ದೊಡ್ಡ ದೂರಿಲ್ಲ. ಪಾತ್ರಗಳೆಲ್ಲವೂ ಎಲ್ಲರಿಗೂ ಮೊದಲಿನಿಂದಲೇ ತೆರೆದಿವೆ. ಓವರ್‌ವಾಚ್‌ನ ಎರಡನೆಯ ಅವತಾರದಲ್ಲಿ ಹೊಸ ಪಾತ್ರವೊಂದು ಬಂದರೆ ಆಡಿ ಆಡಿ ಸಂಪಾದಿಸಬೇಕು, ಇಲ್ಲವೇ ದುಡ್ಡು ಕೊಡಬೇಕು ಎಂಬ ಪದ್ಧತಿ 2024ರವರೆಗೂ ಇತ್ತು. ಇವರು ಆ ದಾರಿ ಹಿಡಿಯಲಿಲ್ಲ. ಋತುವಿಗೊಂದರಂತೆ ಮಾರುವ ಬಹುಮಾನದ ಪಟ್ಟಿಯನ್ನು ಒಮ್ಮೆ ಕೊಂಡರೆ ಋತು ಮುಗಿದ ಮೇಲೂ ನಿಧಾನವಾಗಿ ಆಡಿ ಮುಗಿಸಿಕೊಳ್ಳಬಹುದು. ಇದೂ ಒಳ್ಳೆಯದೇ. ಆದರೆ ನಾಣ್ಯದ ಮಾತು ಬೇರೆ. ರೂಪಾಯಿ ಕೊಟ್ಟು ಲ್ಯಾಟಿಸ್ ಎಂಬುದನ್ನು ಕೊಳ್ಳಬೇಕು; ಲ್ಯಾಟಿಸನ್ನು ಯೂನಿಟ್ ಎಂಬುದಾಗಿ ಮಾರ್ಪಡಿಸಬೇಕು; ಯೂನಿಟ್ ಕೊಟ್ಟು ವೇಷ ತೆಗೆದುಕೊಳ್ಳಬೇಕು. ಎರಡು ಹೊಳೆ ದಾಟುವಷ್ಟರಲ್ಲಿ, ಹೊರಟ ಊರು ಯಾವುದೆಂದು ಹುಡುಗನಿಗೆ ಮರೆತುಹೋಗುತ್ತದೆ. ಬೆಲೆಯನ್ನು ರೂಪಾಯಿಯಲ್ಲೇ ಬರೆದರೆ ಕೈ ತಡೆಯುತ್ತದೆಂಬ ಲೆಕ್ಕಾಚಾರವಲ್ಲದೆ ಇದಕ್ಕೆ ಬೇರೆ ಕಾರಣ ನನಗೆ ತೋರುವುದಿಲ್ಲ.

ನನ್ನನ್ನು ಗೊಣಗುವಂತೆ ಮಾಡಿದ್ದು ಇದಲ್ಲ, ಎರಡನೆಯ ಸಂಜೆ ನಡೆದ ಇನ್ನೊಂದು ಸಂಗತಿ. ಕ್ವಿಕ್ ಮ್ಯಾಚ್ ಎಂಬ, ದರ್ಜೆಯ ಲೆಕ್ಕವಿಲ್ಲದ ಪಂದ್ಯಗಳಲ್ಲಿ ನಾನು ಎರಡು ಬಾರಿ ಹೀನಾಯವಾಗಿ ಸೋತೆ. ಮೂರನೆಯದರಲ್ಲಿ ಗೆದ್ದೆ, ಗೆದ್ದೆನೇನು, ಮೆರೆದೆ. ಶತ್ರುಗಳು ಸಾಲಾಗಿ ಬಂದು ಸತ್ತರು. ಬೆನ್ನು ತೋರಿಸಿ ನಿಂತರು. ಒಬ್ಬನಂತೂ ಗೋಡೆಗೆ ಮುಖ ಮಾಡಿ ಯೋಚಿಸುತ್ತಿದ್ದ. ನನ್ನ ಹಿಗ್ಗನ್ನು ಕಂಡು ಅಳಿಯ ನಕ್ಕ. 'ಅವರು ಜನ ಅಲ್ಲ ಮಾವ, ಬಾಟ್‌ಗಳಿರಬೇಕು. ಸೋತು ಬೇಜಾರಾಗಿ ಬಿಟ್ಟು ಹೋಗಬಾರದು ಅಂತ ಕೊಡ್ತಾರೆ' ಎಂದ. ಬಾಟ್ ಎಂದರೆ ಕಂಪ್ಯೂಟರೇ ಆಡಿಸುವ ಬೊಂಬೆ. ಮನುಷ್ಯರಿಗಿರುವಂತೆಯೇ ಹೆಸರಿಟ್ಟು, ಮನುಷ್ಯರ ನಡುವೆ ಕೂರಿಸಿ, ಇದು ಬೊಂಬೆಯೆಂಬ ಒಂದು ಗುರುತೂ ಇಲ್ಲದೆ ಎದುರಿಗೆ ಬಿಡುವುದು. ಇದು ಅವನೊಬ್ಬನ ಊಹೆಯಲ್ಲ. ಆಟ ಹೊರಬಂದ ಒಂದೆರಡು ತಿಂಗಳಲ್ಲೇ ಲೋಕದ ಎಲ್ಲ ಕಡೆಯ ಆಟಗಾರರು ಇದನ್ನು ಪತ್ತೆಮಾಡಿ ಗಟ್ಟಿಯಾಗಿ ದೂರಿದ್ದರು.

ಬೊಂಬೆಗಳೊಡನೆ ಆಡುವುದರಲ್ಲಿ ನನಗೆ ಅವಮಾನವಿಲ್ಲ. ಹೊಸಬನಿಗೆ ಅಭ್ಯಾಸ ಬೇಕು. ಅಭ್ಯಾಸಕ್ಕೆಂದು ಹೇಳಿಯೇ ಇಟ್ಟ ಬೊಂಬೆಗಳು ಈ ಆಟದಲ್ಲಿ ಬೇರೆಯಾಗಿಯೂ ಇವೆ. ನನ್ನ ಜಗಳ ಹೇಳದೆ ಇಟ್ಟದ್ದರ ಮೇಲೆ. ಮಗುವಿನೊಡನೆ ಚೌಕಾಬಾರ ಆಡುವ ಅಜ್ಜಿ ಬೇಕೆಂದೇ ಸೋಲುತ್ತಾಳೆ, ನಿಜ. ಆದರೆ ಅಜ್ಜಿ ಮಗುವನ್ನು ಗೆಲ್ಲಿಸುವುದು ಮಗುವಿನ ಸಂತೋಷಕ್ಕೆ. ಮಗು ಅಂಗಡಿಯಿಂದ ಎದ್ದು ಹೋಗಬಾರದೆಂದಲ್ಲ. ಎರಡು ಸಲ ಸೋತವನು ಮೂರನೆಯ ಸಲ ಗೆದ್ದೆನೆಂದು ಹಿಗ್ಗಿದಾಗ, ಅವನ ಹಿಗ್ಗು ಅವನದಾಗಿರಬೇಕು. ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾದ ವಿದ್ಯಾರ್ಥಿಗೆ, ಇವನು ಕಾಲೇಜು ಬಿಟ್ಟರೆ ಶುಲ್ಕ ಹೋಗುತ್ತದೆಂದು ನಾನು ಗುಟ್ಟಾಗಿ ಅಂಕ ಹಾಕಿದರೆ ನನ್ನನ್ನು ಏನೆಂದು ಕರೆಯುತ್ತೀರಿ? ಆ ಹುಡುಗನಿಗೆ ತಾನು ಕಲಿತೆನೋ ಇಲ್ಲವೋ ಎಂದು ತಿಳಿಯುವ ದಾರಿಯನ್ನೇ ನಾನು ಮುಚ್ಚಿದಂತಾಯಿತು. ಮೂರನೆಯ ಪಂದ್ಯದ ನಂತರ ನನಗೂ ಹಾಗೆಯೇ ಆಯಿತು. ಆಮೇಲೆ ಗೆದ್ದ ಯಾವ ಪಂದ್ಯವನ್ನೂ ನಾನು ನಂಬಲಿಲ್ಲ. ಹಿಂದಿನ ದಿನ ತೇರಿನ ಪಕ್ಕದಲ್ಲಿ ನಿಂತು ಗೆದ್ದದ್ದನ್ನೂ ಕೂಡ.

ಇದಕ್ಕಿಂತ ಭಾರವಾದದ್ದು ಒಂದು ಕರಾರುಪತ್ರ. ಆಟ ಎಲ್ಲರ ಕೈಗೂ ಬರುವುದಕ್ಕೆ ಮೊದಲು, 2024ರ ಮೇ ತಿಂಗಳಲ್ಲಿ, ಪರೀಕ್ಷಾರ್ಥವಾಗಿ ಕೆಲವರಿಗೆ ಆಡಲು ಕೊಟ್ಟರು. ಆಡುತ್ತ ಅದನ್ನು ಜನರಿಗೆ ತೋರಿಸಿ ಅಭಿಪ್ರಾಯ ಹೇಳುವ ವೃತ್ತಿಯವರೂ ಅವರಲ್ಲಿದ್ದರು. ಈ ಕಾಲದ ವಿಮರ್ಶಕರು ಅವರೇ. ಅವರು ಒಪ್ಪಬೇಕಾಗಿದ್ದ ಕರಾರಿನಲ್ಲಿ, ಆಟದ ಕೀರ್ತಿಗೆ ಕುಂದು ತರುವ ಮಾತನ್ನಾಡಕೂಡದು, ಸ್ವಂತ ಅಭಿಪ್ರಾಯದ ಪ್ರತಿಕೂಲ ವಿಮರ್ಶೆ ಕೂಡದು ಎಂಬರ್ಥದ ಷರತ್ತಿತ್ತು. ಸೀಗಲ್ ಎಂಬ ಹೆಸರಿನಿಂದ ಪ್ರಸಿದ್ಧನಾದ, ಹಿಂದೆ ಓವರ್‌ವಾಚ್ ಪಂದ್ಯಗಳಲ್ಲಿ ವೃತ್ತಿಯಾಗಿ ಆಡಿದ್ದ ಆಟಗಾರ ಇದನ್ನು ಬಯಲಿಗೆಳೆದ. ಗದ್ದಲವೆದ್ದಿತು. ಕಂಪನಿಯವರು ಕ್ಷಮೆ ಕೇಳಿದರು. ಕರಾರಿನ ಮಾತುಗಳು ಅನುಚಿತವಾಗಿದ್ದವು, ತಪ್ಪು ತಿಳಿವಳಿಕೆಗೆ ಎಡೆಮಾಡುವಂತಿದ್ದವು ಎಂಬರ್ಥದಲ್ಲಿ ಒಪ್ಪಿಕೊಂಡು, ಟೀಕೆಗೆ ತಮ್ಮ ಬಾಗಿಲು ತೆರೆದಿದೆ ಎಂದರು.

ಅನುಚಿತ! ಕನ್ನಡದ ಅಧ್ಯಾಪಕನಾದ ನಾನು ಈ ಒಂದು ಮಾತಿನ ಮೇಲೆ ತುಸು ನಿಲ್ಲಲೇಬೇಕು, ಓದುಗರು ಸಹಿಸಿಕೊಳ್ಳಬೇಕು. ಉಚಿತ ಎಂದರೆ ಮೂಲದಲ್ಲಿ ತಕ್ಕದ್ದು, ಯೋಗ್ಯವಾದದ್ದು ಎಂದರ್ಥ. 11ನೆಯ ಶತಮಾನದ ಕಾಶ್ಮೀರದಲ್ಲಿದ್ದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವ ಎಂದು ವಾದಿಸಿದ್ದು ಈ ಅರ್ಥದಲ್ಲಿ. ಅದೇ ಮಾತು ಇಂದಿನ ಕನ್ನಡದಲ್ಲಿ ಬಿಟ್ಟಿ ಎಂಬುದಕ್ಕೆ ಮರ್ಯಾದಸ್ಥ ಹೆಸರಾಗಿ ನಿಂತಿದೆ: ಉಚಿತ ಪ್ರವೇಶ, ಉಚಿತ ಕೊಡುಗೆ. ಎರಡು ಅರ್ಥಗಳು ಒಂದೇ ಮನೆಯಲ್ಲಿ ಸೇರಿದ್ದರಿಂದ ನಮ್ಮ ಜನರಿಗೆ ಒಂದು ಭ್ರಾಂತಿ ಕವಿದಂತೆ ಕಾಣುತ್ತದೆ. ಬಿಟ್ಟಿ ಬಂದದ್ದೆಲ್ಲ ಯೋಗ್ಯವಾದದ್ದೇ, ಅದರ ಯೋಗ್ಯತೆಯನ್ನು ವಿಚಾರಿಸುವುದೇ ಅಯೋಗ್ಯತೆ ಎಂದು! ಅಕ್ಕನ ಗಾದೆ ಹುಟ್ಟಿದ್ದು ಈ ಮನೆಯಲ್ಲೇ.

ಇದನ್ನು ಬರೆಯುವಾಗ ನನ್ನ ಕೈ ಶುದ್ಧವೆಂದು ಹೇಳಿಕೊಳ್ಳಲಾರೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ಪ್ರಕಾಶಕರೊಬ್ಬರು ನನಗೆ ಪ್ರತಿ ತಿಂಗಳೂ ಪುಸ್ತಕಗಳ ಕಟ್ಟನ್ನು ಕಳಿಸುತ್ತಿದ್ದರು. ಯಾವ ಕರಾರೂ ಇರಲಿಲ್ಲ; 'ವಿಶ್ವಾಸಪೂರ್ವಕ' ಎಂಬ ಒಂದು ಸಹಿ ಮಾತ್ರ. ಒಮ್ಮೆ ಅವರ ಕಡೆಯ ಕವನ ಸಂಕಲನವೊಂದಕ್ಕೆ ವಿಮರ್ಶೆ ಬರೆಯಬೇಕಾಗಿ ಬಂತು. ಸಂಕಲನ ಟೊಳ್ಳಾಗಿತ್ತು. ನಾನು 'ಭರವಸೆಯ ದನಿ' ಎಂದು ಬರೆದೆ. ಆ ವಿಮರ್ಶೆಯನ್ನು ನಂಬಿ ಪುಸ್ತಕ ಕೊಂಡ ವಿದ್ಯಾರ್ಥಿನಿಯೊಬ್ಬಳು ತರಗತಿಯ ನಂತರ ಬಂದು, 'ಸರ್, ಇದರಲ್ಲಿ ಯಾವ ಪದ್ಯ ನಿಮಗೆ ಹಿಡಿಸಿತು?' ಎಂದು ಕೇಳಿದಳು. ಕುಹಕದಿಂದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ಗಂಟೆ ಬಾರಿಸಿತು, ನಾನು ಬದುಕಿದೆ. ಆ ಕಂಪನಿ ಕರಾರಿನಲ್ಲಿ ಬರೆಸಿದ್ದನ್ನು ನಾನು ಬರೆಸಿಕೊಳ್ಳದೆಯೇ ಪಾಲಿಸಿದ್ದೆ. ಬರೆದ ಕರಾರನ್ನು ಒಬ್ಬ ಸೀಗಲ್ ಬಯಲಿಗೆ ತರಬಹುದು. ವಿಶ್ವಾಸಪೂರ್ವಕ ಎಂಬ ಕರಾರನ್ನು ತರುವವರು ಯಾರು?

ಕೆಲವರು ಕಂಪನಿಯ ಪರವಾಗಿ, 'ಇಷ್ಟೆಲ್ಲ ಬಿಟ್ಟಿ ಕೊಟ್ಟು ಅವರು ಬದುಕಬೇಡವೇ?' ಎಂದು ಕೇಳಬಹುದು. ಬದುಕಲಿ. ಆದರೆ ಯಾರು ಬದುಕಿದರೆಂಬುದನ್ನೂ ನೋಡಬೇಕು. ಆಟ ಗೆದ್ದು, ಜನ ಕೋಟಿಗಟ್ಟಲೆ ಬಂದು, ಮೂರು ತಿಂಗಳೂ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ ಕುಳಿತು ಈ ಆಟದ ವಿನ್ಯಾಸದಲ್ಲಿ ದುಡಿದಿದ್ದ ತಂಡವನ್ನು ಕೆಲಸದಿಂದ ತೆಗೆದರು. ಮುಖ್ಯ ತಂಡ ಚೀನಾದ ಗ್ವಾಂಗ್‌ಜೌನಲ್ಲಿದೆ, ಕೆಲಸ ನಿಲ್ಲುವುದಿಲ್ಲ ಎಂದು ಕಂಪನಿ ಸಮಾಧಾನ ಹೇಳಿತು. ನಾನು ಆ ಕಂಪನಿಯ ಲೆಕ್ಕಪತ್ರ ಕಂಡವನಲ್ಲ. ಇದನ್ನು ಧರ್ಮಛತ್ರವೆಂದು ಕರೆಯಬೇಡಿರೆಂದಷ್ಟೇ ನನ್ನ ಮನವಿ. ವ್ಯಾಪಾರವೆಂದು ಕರೆದರೆ ಸಾಕು. ವ್ಯಾಪಾರದಲ್ಲಿ ತಕ್ಕಡಿ ನೋಡುವುದು ಯಾರಿಗೂ ತಪ್ಪಾಗಿ ಕಾಣುವುದಿಲ್ಲ. ಬೊಂಬೆಯನ್ನು ನಿಲ್ಲಿಸಿದರೆ ಬೊಂಬೆಯೆಂದು ಬರೆಯಲಿ. ವೇಷದ ಬೆಲೆಯನ್ನು ರೂಪಾಯಿಯಲ್ಲಿ ಬರೆಯಲಿ. ಅಭಿಪ್ರಾಯ ಕೇಳಿದರೆ ಎರಡೂ ಬಗೆಯದನ್ನು ಕೇಳಲಿ. ಇಷ್ಟು ಮಾಡಿದರೆ ಇದರ ನೂಲನ್ನು ನಾನೇ ಊರಿಗೆಲ್ಲ ಹೊಗಳಿಕೊಂಡು ಬರುತ್ತೇನೆ.

ನಾಲ್ಕನೆಯ ಸಂಜೆ, ಹೊರಡುವ ಮೊದಲು, ಅಳಿಯನೊಡನೆ ಕೊನೆಯ ಪಂದ್ಯಕ್ಕೆ ಕುಳಿತೆ. ತೇರಿನ ಪಂದ್ಯವೇ ಬಂತು. ನಾನು ಎಂದಿನಂತೆ ಪಕ್ಕದಲ್ಲಿ ನಿಂತೆ. ಎದುರಿನ ತಂಡದವನೊಬ್ಬ ಮಾಡಿನ ಮೇಲಿಂದ ಹಾರಿ ಬಂದು ನನ್ನನ್ನು ಕೊಂದ. ಎದ್ದು ಬಂದೆ, ಮತ್ತೆ ಕೊಂದ. ಮೂರನೆಯ ಸಲ ನಾನು ಕಂಬದ ಮರೆಯಲ್ಲಿ ಅಡಗಿದರೆ, ಹುಡುಕಿಕೊಂಡು ಬಂದು ಕೊಂದು, ಒಂದು ಗಳಿಗೆ ನಿಂತು ಕುಣಿದು ಹೋದ. ತೇರು ಅರ್ಧ ದಾರಿಯನ್ನೂ ದಾಟಲಿಲ್ಲ.

'ಇವನು ಬೊಂಬೆ ಅಲ್ಲ ತಾನೇ?' ಎಂದು ಕೇಳಿದೆ.

'ಖಂಡಿತ ಅಲ್ಲ ಮಾವ' ಎಂದ ಅಳಿಯ, 'ಇಷ್ಟು ಹಟ ಬಾಟ್‌ಗೆ ಎಲ್ಲಿಂದ ಬರ್ಬೇಕು?'

ಅಕ್ಕ ಕಾಫಿ ತಂದಿಟ್ಟು, 'ಸೋತು ಬಿಟ್ಟು ಇಷ್ಟು ನಗ್ತಿದ್ದೀಯಲ್ಲೋ' ಎಂದಳು.